ಓಡಿದರೆ ತಪ್ಪು

ತಾಯಿ ನಡೆಯುವುದನ್ನು ನೋಡಿ ಕಂಪನಿ ಬಸ್ಸಿನಲ್ಲಿ ನಕ್ಕವರ ಪೈಕಿ ಶ್ವೇತಳೂ ಒಬ್ಬಳು.

ಎರಡು ಸಾವಿರದ ಎಂಟರ ಜನವರಿ. ರಾಮನಗರ ಜಿಲ್ಲೆಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದಿದ್ದವು. ಸುತ್ತಲ ಊರುಗಳ ಹುಡುಗಿಯರನ್ನು ಅವು ಬೆಳಕು ಹರಿಯುವ ಮುಂಚೆಯೇ ಬಸ್ಸು ಕಳಿಸಿ ಕರೆಸಿಕೊಳ್ಳುತ್ತಿದ್ದವು. ಶ್ವೇತಳ ಊರು ಕೈಲಾಂಚ ಮತ್ತು ರಾಮನಗರದ ನಡುವೆ ಇತ್ತು. ಕನಕಪುರದಿಂದ ಹೊರಟ ಬಸ್ಸು ಆರೂ ಹತ್ತಕ್ಕೆ ಅವಳ ಊರಿನ ಅರಳಿಮರದ ಬಳಿ ನಿಂತು, ಅವಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು.

ಆವತ್ತು ಬಸ್ಸು ಊರು ದಾಟಿ ಒಂದು ಫರ್ಲಾಂಗು ಹೋಗಿರಬೇಕು. ಲೈಟಿನ ಬೆಳಕಿನಲ್ಲಿ ರಸ್ತೆಯ ಎಡಕ್ಕೆ ಒಬ್ಬ ಹೆಂಗಸು ಕಂಡಳು. ನೀಲಿ ಪ್ಯಾಂಟು, ಮೇಲೆ ಗಂಡಸರ ತುಂಬು ತೋಳಿನ ಅಂಗಿ, ಗಂಟು ಹಾಕಿದ ಜಡೆ, ಕಾಲಲ್ಲಿ ಕ್ಯಾನ್ವಾಸ್ ಶೂ. ಓಡುತ್ತಿರಲಿಲ್ಲ, ಆದರೆ ಯಾವ ಮನುಷ್ಯರೂ ಆ ವೇಗದಲ್ಲಿ ನಡೆಯುವುದಿಲ್ಲ. ಮೊಣಕೈ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು, ಸೊಂಟ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುತ್ತಿತ್ತು. ಡ್ರೈವರು ಬೇಕೆಂದೇ ಬಸ್ಸು ನಿಧಾನ ಮಾಡಿದ.

"ನೋಡ್ರೇ, ಬಾತುಕೋಳಿ ಮೊಟ್ಟೆ ಇಡಕ್ಕೆ ಹೊಂಟೈತೆ" ಎಂದಳು ಪಕ್ಕದಲ್ಲಿ ಕೂತಿದ್ದ ಕವನ. ಕವನ ಕನಕಪುರದವಳು. ಶ್ವೇತಳ ಜೊತೆ ಒಂದೇ ಮೇಜಿನಲ್ಲಿ ರಬ್ಬರ್ ಉಂಗುರಗಳ ಅಳತೆ ನೋಡುವ ಕೆಲಸ ಅವಳದು. ಇಡೀ ಬಸ್ಸು ನಕ್ಕಿತು. ಶ್ವೇತ ಮೊದಲು ಆ ಅಂಗಿಯನ್ನು ನೋಡಿದಳು. ಜೇಬಿನ ಬಳಿ ಶಾಯಿ ಕಲೆಯಿದ್ದ ಅಪ್ಪನ ಅಂಗಿ. ಆಮೇಲೆ ಮುಖ ನೋಡಿದಳು. ಅಷ್ಟರಲ್ಲಿ ಅವಳ ಬಾಯಿ ನಗುತ್ತಿತ್ತು. ಎಲ್ಲರೂ ನಗುವಾಗ ತಾನು ನಗದೆ ಇದ್ದರೆ ಗೊತ್ತಾಗಿಬಿಡುತ್ತದೆ ಎಂದು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಇನ್ನೂ ಸ್ವಲ್ಪ ಜೋರಾಗಿಯೇ ನಕ್ಕಳು.

"ನಿಮ್ಮೂರವ್ರೇನೇ?" ಕವನ ಕೇಳಿದಳು.

"ಗೊತ್ತಿಲ್ಲ ಕಣೆ. ಪಕ್ಕದೂರವ್ರಿರ್ಬೇಕು."

ಬಸ್ಸು ಮುಂದೆ ಹೋಯಿತು.

ಅಂದು ಸಂಜೆ ಮನೆಯಲ್ಲಿ ಹಿತುಕಿದವರೆ ಸಾರಿಗೆ ಕಾಳು ಹಿತುಕುತ್ತಿದ್ದರು. ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಅಜ್ಜಿ ಮಾರಮ್ಮ, ತಾಯಿ ಮಾಯಮ್ಮ, ಶ್ವೇತ, ಮೂವರೂ ಕೂತಿದ್ದರು. ತಂದೆ ಅನಂತರಾಜು ಬಿಡದಿಯ ಇನ್ನೊಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದವನು. ಆ ವಾರ ಹಗಲು ಪಾಳಿ. ಖಾಕಿ ಬಿಚ್ಚಿ ಲುಂಗಿ ಉಟ್ಟು ಗೋಡೆಗೊರಗಿ ಕೂತಿದ್ದ.

"ಅವ್ವಾ, ಶುಗರ್‌ಗೆ ವಾಕಿಂಗ್ ಮಾಡು ಅಂತ ಡಾಕ್ಟ್ರು ಹೇಳಿದ್ದು ದಿಟಾನಾ?" ಶ್ವೇತ ತಲೆ ಎತ್ತದೆ ಕೇಳಿದಳು.

"ಯಾಕೆ?"

"ಸುಮ್ನೆ ಕೇಳ್ದೆ. ಅಂಗಳದಲ್ಲೇ ಮಾಡ್ಬೌದಲ್ಲ. ರೋಡಿಗ್ಯಾಕೆ ಹೋಗ್ಬೇಕು?"

ಮಾಯಮ್ಮ ಒಂದು ಕಾಳನ್ನು ಹಿತುಕಿದಳು. ಬೇಳೆ ಜಾರಿ ತಟ್ಟೆಗೆ ಬಿತ್ತು. "ಶುಗರ್ರೂ ಇಲ್ಲ, ಎಂಥದ್ದೂ ಇಲ್ಲ. ಆಟಕ್ಕೆ ಸೇರ್ಕೊಂಡಿವ್ನಿ."

"ಯಾವಾಟ?" ಎಂದ ಅನಂತರಾಜು.

"ನಡಿಯೋ ಆಟ."

ಮಾರಮ್ಮನಿಗೆ ಎಪ್ಪತ್ತೊಂದು. ಕಿವಿ ಇನ್ನೂ ಚುರುಕು. "ನಡಿಯೋದೂ ಒಂದಾಟವಾ? ಅಂಗಾದ್ರೆ ನಾನು ಈಟೊತ್ಗೆ ನಾಕು ಕಪ್ಪು ತರ್ಬೇಕಿತ್ತು" ಎಂದಳು.

ಮಾಯಮ್ಮ ಹೇಳಿದಳು. ರಾಮನಗರದ ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದು ರಿಟೈರಾದ ಸಮದ್ ಸಾಹೇಬರು ನಲವತ್ತು ದಾಟಿದವರಿಗೆಂದೇ ಆಟ ಕಲಿಸುತ್ತಿದ್ದಾರೆ. ಅದಕ್ಕೆ ಬೇರೆ ಕಪ್ಪು, ಬೇರೆ ಮೀಟು. ರೇಷ್ಮೆ ನೂಲು ತೆಗೆಯುವ ಫಿಲೇಚರ್ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಅವಳು ದಿನವೂ ಅವರ ಮನೆ ಮುಂದೆಯೇ ನಡೆದು ಹೋಗುತ್ತಿದ್ದವಳು. ದೀಪಾವಳಿ ಆದ ಮೇಲೆ ಸಂತೆಯಲ್ಲಿ ಸಿಕ್ಕಾಗ, ನಿಮ್ಮ ನಡಿಗೆಯಲ್ಲಿ ಮಂಡಿ ಮಡಿಯುವುದೇ ಇಲ್ಲವಲ್ಲ, ಬನ್ನಿ ಎಂದು ಅವರೇ ಕರೆದರು. ಮಾರ್ಚಿನಲ್ಲಿ ಜಿಲ್ಲೆಯ ಮೀಟು, ಮೂರು ಕಿಲೋಮೀಟರು ನಡಿಗೆಯ ಪಂದ್ಯ.

"ಅದ್ಯಾವ ಸೀಮೆ ನಡಿಗೆ, ಒಸಿ ತೋರ್ಸು ಮತ್ತೆ" ಎಂದಳು ಮಾರಮ್ಮ.

ಮಾಯಮ್ಮ ಕೈ ಒರೆಸಿಕೊಂಡು ಎದ್ದಳು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದಳು. "ಒಂದು ಕಾಲು ಯಾವಾಗ್ಲೂ ನೆಲದಲ್ಲಿರ್ಬೇಕು. ಮುಂದಿಟ್ಟ ಕಾಲು ನೆಟ್ಟಗಿರ್ಬೇಕು, ಮಂಡಿ ಮಡಿಸ್ಕೂಡ್ದು. ಎರಡೂ ಕಾಲು ಎತ್ತಿದ್ರೆ ಓಡ್ದಂಗೆ. ಓಡಿದ್ರೆ ತಪ್ಪು, ಆಚೆಗ್ ಹಾಕ್ಬುಡ್ತಾರೆ."

ಮಾರಮ್ಮ ತಟ್ಟೆ ಪಕ್ಕಕ್ಕೆ ತಳ್ಳಿದಳು. "ಸೊಂಟ ತಿರುವ್ಕೊಂಡು ಬೀದೀಲಿ ಹೋಗಕ್ಕೆ ನಿಂಗೆಷ್ಟು ವಯಸ್ಸು? ನಲವತ್ಮೂರು. ಮದುವೆಗ್ ಬಂದ ಮಗ್ಳವ್ಳೆ ಮನೇಲಿ. ನೋಡಕ್ ಬಂದೋರು ಹುಡುಗೀನ್ ನೋಡ್ಬೇಕೋ, ಅವ್ರವ್ವನ್ ಸೊಂಟ ನೋಡ್ಬೇಕೋ?"

"ಪ್ಯಾಂಟು ಬೇರೆ ಹಾಕ್ತೀಯಂತೆ?" ಅನಂತರಾಜುವಿನ ದನಿ ಏರಲಿಲ್ಲ. ಅವನಿಗೆ ಯಾರೋ ಹೇಳಿದ್ದಾರೆ ಎಂಬುದು ಅಲ್ಲಿಗೆ ಗೊತ್ತಾಯಿತು.

"ಸೀರೇಲಿ ಮಂಡಿ ಕಾಣಲ್ವಂತೆ. ಅಂಪೈರು ನೋಡ್ಬೇಕಲ್ಲ."

"ಸರಿ. ಯಾಕೆ?"

"ಯಾಕೆ ಅಂದ್ರೆ?"

"ಯಾಕೆ ಹೋಗ್ಬೇಕು ಅಂತ. ಕಪ್ಪು ಮಾರ್ದ್ರೆ ಸೇರು ರಾಗಿ ಬರಲ್ಲ. ಹಾಲು ಕರಿಯೋದೈತೆ, ರೇಷ್ಮೆ ಹುಳ ಪೊರೆ ಬಿಡೋ ನಾಕ್ನೇ ಜ್ವರದಲ್ಲವೆ, ಸೊಪ್ಪು ಕುಯ್ಯೋದೈತೆ. ಯಾಕೆ?"

ಮಾಯಮ್ಮ ಉತ್ತರ ಹುಡುಕಿದವಳಂತೆ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಕೂತು ಮತ್ತೆ ಕಾಳು ಹಿತುಕತೊಡಗಿದಳು. "ಹಾಲು ಕರುದೇ ಹೋಗ್ತಿವ್ನಿ. ಸೊಪ್ಪೂ ಕುಯ್ತಿವ್ನಿ. ಯಾವ ಕೆಲ್ಸ ನಿಂತೈತೆ ಹೇಳಿ" ಎಂದಳು.

ಯಾವುದೂ ನಿಂತಿರಲಿಲ್ಲ. ನಾಲ್ಕಕ್ಕೆ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ, ಶ್ವೇತಳ ಊಟದ ಬಾಕ್ಸಿಗೆ ಚಿತ್ರಾನ್ನ ಕಲೆಸಿಟ್ಟು, ಐದಕ್ಕೆ ನೈಟಿಯ ಮೇಲೆ ಶಾಲು ಹೊದ್ದು ಹೊರಡುತ್ತಿದ್ದಳು. ನೈಟಿಯ ಒಳಗೆ ಪ್ಯಾಂಟಿರುತ್ತಿತ್ತು. ಊರಾಚೆ ಪಂಪ್‌ಸೆಟ್ಟಿನ ಮನೆಯಲ್ಲಿ ನೈಟಿ ಕಳಚಿಟ್ಟು ನಡೆಯಲು ಶುರು ಮಾಡುತ್ತಿದ್ದಳು. ಇದೆಲ್ಲ ಮನೆಯವರಿಗೆ ಗೊತ್ತಾದ ಮೇಲೆ ನೈಟಿಯನ್ನೂ ಬಿಟ್ಟಳು.

ಬಸ್ಸಿನಲ್ಲಿ ಅದು ದಿನನಿತ್ಯದ ಬಾಬತ್ತಾಯಿತು. ಅರಳಿಮರ ದಾಟಿದ ಕೂಡಲೇ ಹುಡುಗಿಯರು ಎಡಗಡೆಯ ಕಿಟಕಿಗೆ ಬರುತ್ತಿದ್ದರು. ಡ್ರೈವರು ತಾಳಕ್ಕೆ ಸರಿಯಾಗಿ ಹಾರನ್ ಹೊಡೆಯುತ್ತಿದ್ದ. ಶ್ವೇತ ಬಲಗಡೆಯ ಸೀಟು ಹಿಡಿದಳು. "ಎಡಗಡೆ ಗಾಳಿ ಜಾಸ್ತಿ" ಎಂದಳು. ಒಂದು ದಿನ ಹಿಂದಿನ ಸೀಟಿನ ಯಾರೋ ಕಡಲೆಕಾಯಿ ಸಿಪ್ಪೆಯ ಪೊಟ್ಟಣ ಎಸೆದರು. ಅದು ಮಾಯಮ್ಮನ ಭುಜಕ್ಕೆ ತಾಗಿ ಒಡೆಯಿತು. ಅವಳು ನಿಲ್ಲಲಿಲ್ಲ. ಮೊದಲ ಸಲ ತಲೆ ತಿರುಗಿಸಿ ಬಸ್ಸಿನ ಕಡೆ ನೋಡಿದಳು. ಏನಾಯಿತೋ ನೋಡೋಣ ಎಂದು ಶ್ವೇತ ಆಗತಾನೆ ಎಡಗಡೆಯ ಕಿಟಕಿಗೆ ಬಗ್ಗಿದ್ದಳು. ಅಭ್ಯಾಸಬಲದಿಂದ ಕೈ ಬಾಯಿಗೆ ಅಡ್ಡವಾಗಿತ್ತು. ತಾಯಿಯ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಮಾಯಮ್ಮ ಕೈ ಎತ್ತಲಿಲ್ಲ, ಮುಖದಲ್ಲಿ ಗುರುತಿನ ಒಂದು ಗೆರೆಯನ್ನೂ ಮೂಡಿಸಲಿಲ್ಲ. ಯಾವುದೋ ಬಸ್ಸು, ಯಾರೋ ಹುಡುಗಿ ಎಂಬಂತೆ ಮುಂದೆ ನೋಡಿ ನಡೆದಳು.

ಸಂಜೆ ಮನೆಗೆ ಹೋಗಲು ಶ್ವೇತಳಿಗೆ ಕಾಲೇ ಬರಲಿಲ್ಲ. ಹೋದರೆ, ತಾಯಿ ಎಂದಿನಂತೆ ಕಾಫಿ ಕೊಟ್ಟಳು. ಬಾಕ್ಸು ತೊಳೆಯಲು ಹಾಕು ಎಂದಳು, ಅಷ್ಟೆ.

ಮರುದಿನ ರಸ್ತೆಯಲ್ಲಿ ಯಾರೂ ಇರಲಿಲ್ಲ. ಅದರ ಮರುದಿನವೂ ಇಲ್ಲ. "ಬಾತುಕೋಳಿ ಸಾರಾಯ್ತೇನೋ" ಎಂದು ಡ್ರೈವರು ಅಂದ. ಶ್ವೇತಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತಾಯಿ ಆಟ ಬಿಟ್ಟಳೆಂದುಕೊಂಡಳು. ಬಿಟ್ಟಿರಲಿಲ್ಲ. ಬಚ್ಚಲ ಪಕ್ಕ ಅವಳು ಬಿಟ್ಟಿದ್ದ ಶೂಗಳಿಗೆ ಕೆಮ್ಮಣ್ಣು ಮೆತ್ತಿತ್ತು.

"ಕೆರೆ ಏರಿ ಮೇಲೆ ಹೋಯ್ತಿವ್ನಿ. ಅಲ್ಲಿ ತಣ್ಣಗಿರ್ತದೆ" ಎಂದಳು ಮಾಯಮ್ಮ, ಕೇಳದೆಯೇ.

"ಒಳ್ಳೇದಾಯ್ತು ಬುಡವ್ವ" ಎಂದಳು ಶ್ವೇತ. ಯಾಕೆ ಎಂದು ಕೇಳಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಅನಂತರಾಜು ಒಂದು ಸಂಜೆ ಮುಖ ಕಪ್ಪಿಟ್ಟುಕೊಂಡು ಬಂದ. ಬಸ್‌ಸ್ಟಾಪಿನ ಹತ್ತಿರ ಅಂಕಯ್ಯನ ಟೀ ಅಂಗಡಿ. ಅಂಕಯ್ಯ ಲೋಟಗಳ ತಟ್ಟೆ ಹಿಡಿದು, ಮೊಣಕೈ ಆಡಿಸುತ್ತ, ಸೊಂಟ ತಿರುಗಿಸುತ್ತ ಒಂದೊಂದೇ ಬೆಂಚಿಗೆ ಟೀ ಹಂಚಿದ್ದ. ಎಲ್ಲರೂ ನಕ್ಕರು. ಅನಂತರಾಜುವಿನ ಮುಂದೆ ಬಂದಾಗ ಮಾತ್ರ ನೆಟ್ಟಗೆ ನಿಂತು, "ತಗಳಪ್ಪ ಅನಂತಣ್ಣ, ಚೆಲ್ಲದಂಗೆ ತಂದಿವ್ನಿ" ಎಂದ. ಅನಂತರಾಜು ಟೀ ಕುಡಿದು, ಕಾಸು ಕೊಟ್ಟು ಎದ್ದು ಬಂದಿದ್ದ. ಇದನ್ನೆಲ್ಲ ಅವನು ಹೇಳಲಿಲ್ಲ. ಶ್ವೇತಳಿಗೆ ನಲ್ಲಿಯ ಹತ್ತಿರ ಬೇರೆಯವರಿಂದ ಗೊತ್ತಾಯಿತು.

ಮಾಯಮ್ಮ ಕೊಟ್ಟಿಗೆಯಲ್ಲಿದ್ದಳು. ಅನಂತರಾಜು ಹೆಂಡತಿಯ ಶೂಗಳ ಲೇಸು ಒಂದಕ್ಕೊಂದು ಗಂಟು ಹಾಕಿ, ಏಣಿ ಹತ್ತಿ, ಅಟ್ಟದ ಮೇಲಿದ್ದ, ಹುಳ ಗೂಡು ಕಟ್ಟುವ ಹಳೇ ಬಿದಿರು ಚಂದ್ರಿಕೆಯ ಹಿಂದೆ ತುರುಕಿದ. ಇಳಿಯುವಾಗ ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದ.

"ಹೇಳ್ಬ್ಯಾಡ" ಎಂದ.

ಶ್ವೇತ ಹೇಳಲಿಲ್ಲ. ರಾತ್ರಿ ಮಾಯಮ್ಮ ಮಂಚದ ಕೆಳಗೆ, ಸೌದೆ ಗೂಡಿನ ಹಿಂದೆ ಎಲ್ಲ ಹುಡುಕಿದಳು. "ಶ್ವೇತಾ, ನೀನೇನಾರ ಕಂಡ್ಯಾ?" ಎಂದು ಕೇಳಿದಳು.

"ಇಲ್ಲವ್ವ. ನಾಯಿ ಎತ್ಕೊಂಡೋಯ್ತೇನೋ."

ನಾಯಿಯ ಮಾತು ತಾನಾಗಿಯೇ ಬಾಯಿಗೆ ಬಂದಿತ್ತು. ಮಾಯಮ್ಮ ಬೀದಿಯ ಮೋರಿಗಳನ್ನು ಬಗ್ಗಿ ನೋಡಿ ಬಂದಳು. ಮರುದಿನ ಬರಿಗಾಲಲ್ಲೇ ಏರಿಗೆ ಹೋದಳು, ಅದರ ಮರುದಿನವೂ ಹೋದಳು. ಮೂರನೆಯ ದಿನ ಕುಂಟುತ್ತ ಬಂದಳು. ಏರಿಯ ಮೇಲೆ ಕುಡುಕರು ಒಡೆದು ಬಿಟ್ಟಿದ್ದ ಬಾಟಲಿಯ ಚೂರು ಬಲಗಾಲಿನ ಹಿಮ್ಮಡಿಯಲ್ಲಿ ಇಳಿದಿತ್ತು. ಅದು ಭಾನುವಾರ. ಎಲ್ಲರೂ ಮನೆಯಲ್ಲಿದ್ದರು.

ಮಾರಮ್ಮ ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಚೂರು ತೆಗೆದಳು. ಅರಿಸಿನ ಒತ್ತಿ ಹಳೇ ಸೀರೆಯ ಬಟ್ಟೆ ಕಟ್ಟಿದಳು. ಕಟ್ಟುವಷ್ಟು ಹೊತ್ತೂ ಬೈದಳು. "ಮುದ್ದೆ ತಿಂದು ಮನೇಲಿ ಬಿದ್ದಿರು ಅಂದ್ರೆ ಕೇಳಿದ್ಯಾ? ಬೇಕಿತ್ತಾ ಈ ವಯ್ಸಲ್ಲಿ?" ಗಂಟು ಬಿಗಿದ ಮೇಲೆ ತಲೆ ಎತ್ತಿ ಮೊಮ್ಮಗಳನ್ನು ನೋಡಿದಳು.

"ಏಣಿ ಹಾಕು."

"ಯಾಕಜ್ಜಿ?"

"ಅಟ್ಟದ್ ಮೇಲಿಂದ ಶೂ ಇಳ್ಸು. ಎಲ್ಲೈತೆ ಅಂತ ನಿಂಗ್ ಗೊತ್ತಲ್ಲ. ನಾನು ಮಂಚದಲ್ಲಿ ಮಲಗಿದ್ರೂ ಕಣ್ ತಗುದೇ ಇದ್ದೆ."

ಶ್ವೇತ ಏಣಿ ಹಾಕಿದಳು. ಚಂದ್ರಿಕೆಯ ಹಿಂದೆ ಕೈ ಹಾಕಿದಾಗ ಧೂಳು ಕಣ್ಣಿಗೆ ಬಿತ್ತು. ಒಳ್ಳೆಯದೇ ಆಯಿತು ಎನಿಸಿತು. ಕಣ್ಣು ಉಜ್ಜಿಕೊಳ್ಳುತ್ತಲೇ ಇಳಿದು ಶೂಗಳನ್ನು ತಾಯಿಯ ಮುಂದಿಟ್ಟಳು. ಮಾಯಮ್ಮ ಗಂಡನನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ಲೇಸಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು.

"ಲೇ ಅನಂತ" ಎಂದಳು ಮಾರಮ್ಮ. "ಬಯ್ಯೋದಿದ್ರೆ ಎದುರ್ಗೆ ಬಯ್ಯಿ ಕಣ್ಲಾ. ನಾನೂ ಬೈದಿವ್ನಿ, ಇನ್ನೂ ಬೈತೀನಿ. ಬಚ್ಚಿಡೋ ಬುದ್ಧಿ ನಾನು ಕಲಿಸ್ನಿಲ್ಲ."

ಅನಂತರಾಜು ಟವಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದ. ಸಂಜೆ ಬಂದಾಗ ಔಷಧಿ ಅಂಗಡಿಯ ಪೊಟ್ಟಣವೊಂದನ್ನು ಒಲೆಯ ಪಕ್ಕ ಇಟ್ಟ. ಹತ್ತಿ, ಮುಲಾಮು, ಪ್ಲಾಸ್ಟರು ಇತ್ತು. ಇಟ್ಟವನು ಯಾರಿಗೆಂದು ಹೇಳಲಿಲ್ಲ.

ಮೀಟು ಮುಂದಿನ ಭಾನುವಾರ. ಗುರುವಾರ ಸಂಜೆ ಶ್ವೇತ ಬಸ್ಸಿಳಿದು ಬಂದಾಗ ಮನೆ ಮುಂದೆ ಒಂದು ಹಳೇ ಮೊಪೆಡ್ ನಿಂತಿತ್ತು. ಸಮದ್ ಮೇಷ್ಟ್ರು ಬಂದಿದ್ದರು. ಬಿಳೀ ಗಡ್ಡ, ತಲೆಗೆ ಟೋಪಿ, ಕುತ್ತಿಗೆಯಲ್ಲಿ ಸೀಟಿಯ ದಾರ. ಎದೆಗೆ ಕಟ್ಟುವ ನಂಬರಿನ ಬಟ್ಟೆ ಕೊಡಲು ಬಂದವರು, ಕಾಲು ನೋಡಿ ಸಿಟ್ಟಾಗಿದ್ದರು. ಮಾಯಮ್ಮ ಟೀ ಮಾಡಲು ಒಳಗೆ ಹೋಗಿದ್ದಳು.

"ನೀನೇನಾ ಮಗಳು? ಕಂಪನಿ ಕೆಲಸ?" ಎಂದರು.

"ಹೂಂ ಸರ್."

"ಒಂದು ಮಾತು ನಿಮ್ಮ ಅಮ್ಮನಿಗೆ ನೀನಾದರೂ ಹೇಳಮ್ಮ. ಆ ಏರಿ ನೆಲ ಸಮ ಇಲ್ಲ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಈ ನಡಿಗೆಗೆ ಸಪಾಟು ರೋಡು ಬೇಕು. ನಾನು ಹೇಳಿದರೆ ಕೇಳೋದಿಲ್ಲ."

"ಅಲ್ಲಿ ತಣ್ಣಗಿರ್ತದೆ ಅಂದ್ರು ಅವ್ವ."

"ತಣ್ಣಗೆಲ್ಲಿ? ರೋಡಲ್ಲಿ ಕಂಪನಿ ಬಸ್ ಬರ್ತದೆ, ಅದರಲ್ಲಿ ಮಗಳು ಇರ್ತಾಳೆ, ಜೊತೆಯವರ ಎದುರು ಅವಳಿಗೆ ನಾಚಿಕೆ ಆಗಬಾರದು, ಅಂದ್ರು. ನಾನಂದೆ, ಮಗಳೇ ಕೈ ಬೀಸ್ತಾಳೆ ನೋಡಿ, ಎರಡು ದಿನ ತಾಳಿ ಅಂತ. ಇಲ್ಲ ಸಾಹೇಬ್ರೆ, ಬ್ಯಾಡ, ಅಂದುಬಿಟ್ಟರು."

ಮಾಯಮ್ಮ ಟೀ ತಂದಳು. ಮೇಷ್ಟ್ರು ಮಾತು ಬದಲಿಸಿದರು. ಶ್ವೇತ ಚಪ್ಪಲಿ ಬಿಡಲು ಬಗ್ಗಿದವಳು ಎಷ್ಟು ಹೊತ್ತಾದರೂ ಎದ್ದೇಳಲಿಲ್ಲ.

ಮರುದಿನ ಬಸ್ಸಿನಲ್ಲಿ ಕವನ ಕಡ್ಲೆಮಿಠಾಯಿ ಮುರಿದು ಅರ್ಧ ಕೊಟ್ಟಳು. ಶ್ವೇತ ಅದನ್ನು ಕೈಯಲ್ಲೇ ಹಿಡಿದುಕೊಂಡಳು. ಬಸ್ಸು ರಾಮನಗರದ ಬೆಟ್ಟಗಳು ಕಾಣುವ ತಿರುವಿಗೆ ಬಂದಿತ್ತು.

"ಕವನ, ಆ ರೋಡಲ್ಲಿ ನಡೀತಿದ್ರಲ್ಲ, ಅದು ನಮ್ಮವ್ವ."

ಕವನ ಅಗಿಯುವುದನ್ನು ನಿಲ್ಲಿಸಿದಳು.

"ಗೊತ್ತಿತ್ತು ಕಣೆ" ಎಂದಳು.

"ಹೆಂಗೆ?"

"ಎರಡ್ನೇ ದಿನವೇ ಗೊತ್ತಾಯ್ತು. ನಿಂದೂ ಅದೇ ಗಲ್ಲ, ಅದೇ ಹಣೆ. ಕನ್ನಡಿ ನೋಡ್ಕೊಂಡಿಲ್ವಾ? ಒಂದ್ಸಲ ಬಾಯಿಬಿಟ್ಟು ಹೇಳ್ತೀಯೇನೋ ಅಂತ ನೋಡ್ದೆ. ನೀನೇ ನಮ್ಗಿಂತ ಜೋರಾಗಿ ನಗ್ತಿದ್ಯಲ್ಲ. ನಿಮ್ಮನೇಲೇ ಏನೋ ಜಗಳ ಇರ್ಬೇಕು, ನಮಗ್ಯಾಕೆ ಅಂತ ಸುಮ್ನಾದೆ."

ಕವನ ಮೆಲ್ಲಗೆ ಸೇರಿಸಿದಳು, "ಸಿಪ್ಪೆ ಎಸೆದಿದ್ದು ನಾನಲ್ಲ ಕಣೆ. ಆದ್ರೆ ಎಸೆದೋಳಿಗೆ ಬೈಲೂ ಇಲ್ಲ."

ಭಾನುವಾರ ಕಂಪನಿಯಲ್ಲಿ ಓವರ್‌ಟೈಮು ಇತ್ತು. ಶ್ವೇತ ಬರುವುದಿಲ್ಲವೆಂದು ಹೇಳಿ ಬಂದಿದ್ದಳು. ಬೆಳಿಗ್ಗೆ ಮಾಯಮ್ಮ ಪುಳಿಯೋಗರೆ ಕಟ್ಟಿಕೊಳ್ಳುತ್ತಿದ್ದಾಗ, "ನಾನೂ ಬತ್ತೀನಿ" ಎಂದಳು. ಮಾಯಮ್ಮ ಮಗಳನ್ನು ಒಂದು ಸಲ ನೋಡಿ, ಡಬ್ಬಿಗೆ ಇನ್ನೆರಡು ಹಿಡಿ ತುಂಬಿದಳು. ಅನಂತರಾಜು ಡ್ಯೂಟಿ ಇದೆ ಎಂದು ಬೇಗನೆ ಹೊರಟುಹೋಗಿದ್ದ. ಮಾರಮ್ಮ ಬಾಗಿಲಲ್ಲಿ ನಿಂತು, "ಬಿದ್ಗಿದ್ದು ಬಂದೀಯ, ಹುಷಾರು" ಎಂದಳು.

ರಾಮನಗರದ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿದ್ದರು. ಹತ್ತು ಸುತ್ತು. ಐದೇ ಜನ ಹೆಂಗಸರು. ಚನ್ನಪಟ್ಟಣದ ರಿಟೈರಾದ ನರ್ಸೊಬ್ಬರು, ಮಾಗಡಿಯಿಂದ ಎರಡು ಬಸ್ಸು ಬದಲಿಸಿ ಬಂದ ಇಬ್ಬರು ಟೀಚರುಗಳು, ಒಬ್ಬ ಪೊಲೀಸಮ್ಮ, ಮಾಯಮ್ಮ. ನೋಡುವವರು ಹೆಚ್ಚಿರಲಿಲ್ಲ. ಕ್ರಿಕೆಟ್ಟಿಗೆ ಜಾಗ ಖಾಲಿಯಾಗಲೆಂದು ಕಾಯುತ್ತಿದ್ದ ಹುಡುಗರು ಕಾಂಪೌಂಡಿನ ಮೇಲೆ ಕೂತಿದ್ದರು.

ಸೀಟಿ ಊದಿದರು. ಐದು ಜನರ ಸೊಂಟವೂ ಒಟ್ಟಿಗೆ ಹೊರಳಿದ್ದೇ ತಡ, ಕಾಂಪೌಂಡಿನ ಮೇಲೆ ಕೇಕೆ ಎದ್ದಿತು. ಆ ಐವರಲ್ಲಿ ಒಬ್ಬರೂ ಅತ್ತ ತಿರುಗಲಿಲ್ಲ. ಮೂರನೆಯ ಸುತ್ತಿಗೆ ಮಾಯಮ್ಮ ಎರಡನೆಯವಳಾದಳು. ಐದನೆಯ ಸುತ್ತಿಗೆ ಪೊಲೀಸಮ್ಮನನ್ನೂ ಹಿಂದೆ ಹಾಕಿದಳು. ತಿರುವುಗಳಲ್ಲಿ ಬಿಳೀ ಟೋಪಿಯ ಅಂಪೈರುಗಳು ಮೊಣಕಾಲೂರಿ, ಕತ್ತು ನೆಲಕ್ಕೆ ಬಗ್ಗಿಸಿ, ಹೋಗುವವರ ಕಾಲನ್ನೇ ನೋಡುತ್ತಿದ್ದರು. ಶ್ವೇತಳಿಗೆ ತಾಯಿಯ ಮುಖ ಹತ್ತಿರದಿಂದ ಕಂಡಿತು. ಹಾಲು ಕರೆಯುವಾಗಲೂ ಸೊಪ್ಪು ಹೆಚ್ಚುವಾಗಲೂ ಕಾಣದ ಒಂದು ಗತ್ತು ಅದರಲ್ಲಿತ್ತು.

ಏಳನೆಯ ಸುತ್ತಿನಲ್ಲಿ ಹಿಮ್ಮಡಿಯ ಗಾಯ ಬಿಚ್ಚಿಕೊಂಡಿತು. ಬಲಗಾಲು ನೆಲಕ್ಕೆ ತಾಗುವಾಗ ಮಂಡಿ ತಾನಾಗಿಯೇ ಒಂದಿಷ್ಟು ಮಡಿಯುತ್ತಿತ್ತು. ಒಬ್ಬ ಅಂಪೈರು ಹಳದಿ ಬಿಲ್ಲೆ ತೋರಿಸಿದರು. ಇನ್ನೊಬ್ಬರು ಚೀಟಿಯಲ್ಲಿ ಏನೋ ಬರೆದರು. ಹತ್ತನೆಯ ಸುತ್ತು ಮುಗಿಯಲು ನೂರು ಹೆಜ್ಜೆ ಇದ್ದಾಗ ದೊಡ್ಡ ಅಂಪೈರು ಗೆರೆಯ ಪಕ್ಕ ಬಂದು, ಅವಳ ಮುಂದೆ ಕೆಂಪು ಬಿಲ್ಲೆ ಎತ್ತಿ ಹಿಡಿದರು. ಮೂರು ತಪ್ಪಾಗಿತ್ತು, ಅಲ್ಲಿಗೆ ಆಟದಿಂದ ಹೊರಗೆ. ಮಾಯಮ್ಮ ನಿಂತಳು. ಎದೆಯ ನಂಬರು ಬಿಚ್ಚಿ, ಸುಣ್ಣದ ಗೆರೆ ತುಳಿಯದಂತೆ ದಾಟಿ ಹೊರಗೆ ಬಂದಳು. ಹುಡುಗರು ಸಿಳ್ಳೆ ಹಾಕಿದರು.

ಬೇವಿನ ಮರದ ಕೆಳಗೆ ತಾಯಿ ಮಗಳು ಡಬ್ಬಿ ಬಿಚ್ಚಿದರು. ಶೂ ತೆಗೆದಾಗ ಕಾಲುಚೀಲ ಕೆಂಪಾಗಿತ್ತು. ಶ್ವೇತ ನೀರು ತಂದು ಕಾಲಿಗೆ ಹಾಕಿದಳು. ಬಾಟಲಿ ಚೂರಿನ ಗಾಯ ಅದು. ಆಗ ಶೂ ಅಟ್ಟದ ಮೇಲಿದ್ದದ್ದು ತನಗೆ ಗೊತ್ತಿತ್ತು.

"ಮತ್ತೆ ಹೋಯ್ತೀಯಾ ಅವ್ವ?"

"ಹೂಂ. ಮಂಡ್ಯದಲ್ಲಿ ಐತಂತೆ, ಮುಂದಿನ ತಿಂಗ್ಳು."

"ಯಾಕವ್ವ?"

ಮಾಯಮ್ಮ ಅನ್ನದ ತುತ್ತು ಕಲೆಸುತ್ತ ಹೇಳಿದಳು. "ಹದಿನೇಳ್ ವರ್ಷ ಫಿಲೇಚರ್‌ಗೆ ನಡ್ದೆ. ಐದು ಕಿಲೋಮೀಟ್ರು ಹೋಗೋದು, ಐದು ಬರೋದು. ಬಿಸಿನೀರಲ್ಲಿ ಕೈ ಅದ್ದಿ ನೂಲು ತೆಗಿಯೋದು. ಅದು ಮುಚ್ಚೋಯ್ತಲ್ಲ, ಆಮೇಲೆ ಎಲ್ಲಿಗೂ ಹೋಗೋ ಹಂಗಿರ್ನಿಲ್ಲ. ಕಾಲು ಮಾತ್ರ ಬೆಳಿಗ್ಗೆದ್ರೆ ಎಲ್ಲಿಗೆ ಅಂತ ಕೇಳೋದು. ಇಲ್ಲಿ ನೋಡು, ಅಷ್ಟು ಓದಿದೋರು ಮಣ್ಣಲ್ಲಿ ಮಂಡಿಯೂರಿ ನನ್ ಕಾಲು ನೆಲಕ್ ತಾಗ್ತದಾ ಇಲ್ವಾ ಅಂತ ನೋಡ್ತಾರೆ. ಇಷ್ಟ್ ವರ್ಷ ನಡುದ್ನಲ್ಲ, ಯಾರು ನೋಡಿದ್ರು? ಮಿಕ್ಕಿದ್ದೆಲ್ಲ ಓಡೋ ಆಟ. ಓಡಿದ್ರೆ ತಪ್ಪು ಅನ್ನೋದು ಇದೊಂದೇಯ."

ಶ್ವೇತ ಊಟ ಬಿಟ್ಟು ಕೂತಳು. "ಅವ್ವ, ಆವತ್ತು ಬಸ್ಸಲ್ಲಿ ನಾನೂ ನಕ್ಕೆ."

"ನೋಡ್ದೆ."

"ಬೈಲೇ ಇಲ್ಲ?"

"ಏನಂತ ಬೈಲಿ? ಸಮದ್ ಸಾಹೇಬ್ರು ಮೊದಲ್ನೇ ದಿನ ನಡ್ದು ತೋರ್ಸಿದಾಗ ನಾನೂ ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದೆ. ನೋಡಿದ್ರೆ ನಗು ಬರೋ ಹಂಗೇ ಐತೆ ಅದು."

ಅಲ್ಲಿಗೆ ನಿಲ್ಲಿಸಬಹುದಿತ್ತು. ತಾಯಿ ಕ್ಷಮಿಸಿಯಾಗಿತ್ತು. ಆದರೆ ಶ್ವೇತಳಿಗೆ ಅರ್ಧ ಹೇಳಿ ಪೂರ್ತಿ ಕ್ಷಮೆ ಪಡೆಯುವುದು ಇನ್ನೊಂದು ಕಳ್ಳತನ ಎನಿಸಿತು. "ಅದಷ್ಟೇ ಅಲ್ಲವ್ವ. ಅದ್ಯಾರು, ನಿಮ್ಮೂರವ್ರಾ ಅಂತ ಕೇಳಿದ್ರು. ಗೊತ್ತಿಲ್ಲ ಅಂದೆ. ಪಕ್ಕದೂರವ್ರಿರ್ಬೇಕು ಅಂದೆ. ದಿನಾ ಹಂಗೇ ಇದ್ದೆ. ಒಂದೂವರೆ ತಿಂಗ್ಳು."

ಮಾಯಮ್ಮನ ಕೈಯ ತುತ್ತು ಕೈಯಲ್ಲೇ ನಿಂತಿತು. ಇದು ಅವಳಿಗೆ ಗೊತ್ತಿರಲಿಲ್ಲ. ತುತ್ತನ್ನು ಮೆಲ್ಲಗೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಮುಚ್ಚಳ ಕೂರಲಿಲ್ಲ, ಮತ್ತೊಮ್ಮೆ ಒತ್ತಿದಳು. ಬಾಟಲಿಯ ನೀರಲ್ಲಿ ಕೈ ತೊಳೆದುಕೊಂಡು ಮೈದಾನದ ಕಡೆ ನೋಡುತ್ತ ಕೂತಳು. ಹುಡುಗರು ಆಗಲೇ ಸುಣ್ಣದ ಗೆರೆಯ ಮೇಲೆ ವಿಕೆಟ್ಟು ನೆಡುತ್ತಿದ್ದರು.

ಸಮದ್ ಮೇಷ್ಟ್ರು ಒಂದು ಕಾಗದ ಹಿಡಿದು ಬಂದರು. "ಮಂಡ್ಯದ ಫಾರಂ. ಅದಕ್ಕೆ ಇಲ್ಲಿ ಗೆಲ್ಲಬೇಕು ಅಂತಿಲ್ಲ, ಯಾರಾದರೂ ಹೋಗಬಹುದು. ಎರಡು ದಿನ ಉಳೀಬೇಕು. ಹೆಂಗಸರ ಜೊತೆಗೆ ಮನೆಯವರು ಇರಬೇಕು ಅಂತ ರೂಲು. ಯಾರು ಬರ್ತಾರೆ, ಹೆಸರು ಬರೆದು ಈಗಲೇ ಕೊಡಿ. ಇನ್ನೊಬ್ಬರನ್ನು ಆಮೇಲೆ ಸೇರಿಸಬೇಕಾದರೆ ಹದಿನೈದು ದಿನ ಟೈಮಿದೆ."

ಮಾಯಮ್ಮ ಕಾಗದವನ್ನು ತೆಗೆದುಕೊಂಡು ಮಗಳ ಕಡೆ ಚಾಚಿದಳು. ನಿಧಾನವಾಗಿ ಓದಬಲ್ಲಳು, ಬರೆಯುವುದು ಕಷ್ಟ. "ಬರಿ" ಎಂದಳು.

ಶ್ವೇತ ಪೆನ್ನು ತೆಗೆದಳು. ಹೆಸರು, ವಯಸ್ಸು, ಊರು ಬರೆದಳು. ಜೊತೆಗೆ ಬರುವವರು ಎಂಬಲ್ಲಿಗೆ ಬಂದು ತಲೆ ಎತ್ತಿದಳು.

"ಅತ್ತೆ ಬತ್ತಾರೆ" ಎಂದಳು ಮಾಯಮ್ಮ.

ಮೇಷ್ಟ್ರು ಶ್ವೇತಳನ್ನೊಮ್ಮೆ ನೋಡಿ, ಸೀಟಿಯ ದಾರ ಸರಿಮಾಡಿಕೊಂಡರು. ಶ್ವೇತ ಬರೆದಳು. ಮಾರಮ್ಮ. ವಯಸ್ಸು ಎಪ್ಪತ್ತೊಂದು. ಸಂಬಂಧ, ಅತ್ತೆ. ಒಂದೊಂದು ಅಕ್ಷರವನ್ನೂ ಒತ್ತಿ ಬರೆದಳು. ಅದರ ಕೆಳಗೆ ಇನ್ನೊಬ್ಬರ ಹೆಸರಿಗೆ ಒಂದು ಗೆರೆ ಇತ್ತು. ಅದರ ಮೇಲೆ ಪೆನ್ನು ಇಡುವ ಧೈರ್ಯ ಬರಲಿಲ್ಲ. ಕಾಗದವನ್ನು ತಾಯಿಗೆ ಕೊಟ್ಟಳು.

ಮಾಯಮ್ಮ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಬಂದಳು. ಕೊನೆಯ ಗೆರೆಯ ಮೇಲೆ ಬೆರಳು ನಿಂತಿತು.

"ಇದು ಖಾಲಿ ಐತಲ್ಲ" ಎಂದಳು.

"ಹೂಂ."

"ಇರ್ಲಿ" ಎಂದು ಮಾಯಮ್ಮ ಕಾಗದ ಮಡಿಸಿ ಮೇಷ್ಟ್ರ ಕೈಗಿಟ್ಟಳು. "ಇನ್ನೂ ಹದಿನೈದ್ ದಿನ ಐತೆ."